ಚಳಿಗಾಲದಲ್ಲಿ ಫ್ರೀಸ್‌ಲ್ಯಾಂಡಿನ ಅತ್ತೆಮನೆಗೆ

ನನ್ನ ತವರು ಸಾಗರ. ಗಂಡನ ಊರು ನೆದರ್ಲೆಂಡ್ಸಿನ ಉತ್ತರದ ಫ್ರೀಸ್‌ಲ್ಯಾಂಡ್ ಪ್ರಾಂತ್ಯದಲ್ಲಿ, ಸ್ನೇಕ್ ಪಟ್ಟಣದ ಹತ್ತಿರದ ಒಂದು ಹಳ್ಳಿ. ನಾವಿರುವುದು ಬೆಂಗಳೂರಿನಲ್ಲಿ. ಮದುವೆಯಾದಾಗಿನಿಂದ ಚಳಿಗಾಲ ಬಂತೆಂದರೆ ಅತ್ತೆ ಮಾವನೇ ಇಲ್ಲಿಗೆ ಬರುತ್ತಿದ್ದರು. ಜನವರಿಯಲ್ಲಿ ಬಂದು, ಸಂಕ್ರಾಂತಿಯ ಎಳ್ಳುಬೆಲ್ಲ ತಿಂದು, ಸಾಗರಕ್ಕೂ ಹೋಗಿ ಅಪ್ಪನ ಅಡಿಕೆ ತೋಟದಲ್ಲಿ ಓಡಾಡಿ, ಮೈ ಬೆಚ್ಚಗಾದ ಮೇಲೆ ಊರಿಗೆ ಮರಳುತ್ತಿದ್ದರು. ಕಳೆದ ವರ್ಷ ಮಾವನಿಗೆ ಪಾರ್ಶ್ವವಾಯು ಆಯಿತು. ಜೀವಕ್ಕೇನೂ ಆಗಲಿಲ್ಲ. ಆದರೆ ಬಲಗೈ ಸ್ವಾಧೀನ ತಪ್ಪಿತು, ಮಾತು ನಿಧಾನವಾಯಿತು, ಇನ್ನು ದೂರದ ವಿಮಾನ ಪ್ರಯಾಣ ಬೇಡವೆಂದು ವೈದ್ಯರು ಹೇಳಿದರು. ಹಾಗಾಗಿ ಡಿಸೆಂಬರಿನಲ್ಲಿ ನಾವೇ ಹೋಗುವುದೆಂದು ನಿಶ್ಚಯಿಸಿದೆವು. ನಾನು ಮತ್ತು ಐದು ವರ್ಷದ ಮಗ ತಿಂಗಳ ಮೊದಲಲ್ಲೇ ಹೊರಡುವುದು, ರಜೆ ಸಿಗದ ಗಂಡ ಕ್ರಿಸ್‌ಮಸ್‌ಗೆ ಮುಂಚೆ ಬಂದು ಸೇರಿಕೊಳ್ಳುವುದು.

ಈಗಷ್ಟೇ ವಾಪಸ್ ಬಂದಿದ್ದೇನೆ. ಹೊರಡುವ ಮುಂಚೆ ವಿಚಾರಿಸಿದವರೆಲ್ಲ ತಮಗೆ ತೋಚಿದ್ದನ್ನು ಹೇಳಿದ್ದರು, ಅದರಲ್ಲಿ ಅರ್ಧ ನಿಜವಿರಲಿಲ್ಲ. ನನ್ನಂತೆ ಡಚ್ಚರ ಮನೆಯ ಸೊಸೆಯಾದವರು, ಅಳಿಯನಾದವರು ಕರ್ನಾಟಕದಲ್ಲಿ ಇನ್ನೂ ಇದ್ದಾರೆ. ಅವರು ನನ್ನಷ್ಟು ಗಾಬರಿಪಡದಿರಲೆಂದು ನಡೆದುದನ್ನು ನಡೆದಂತೆ ಬರೆಯುತ್ತಿದ್ದೇನೆ.

ಮೊದಲು ಎಲ್ಲರೂ ಹೇಳುವ ಮಾತನ್ನು ತೆಗೆದುಕೊಳ್ಳೋಣ: "ಗಂಡ ಡಚ್ ಪ್ರಜೆ ತಾನೇ, ನಿಮಗೆ ವೀಸಾ ಉಚಿತ, ಎರಡು ದಿನದಲ್ಲಿ ಕೊಡುತ್ತಾರೆ." ಹಾಗಿಲ್ಲ. ಐರೋಪ್ಯ ಒಕ್ಕೂಟದ ಪ್ರಜೆಗಳ ಸಂಗಾತಿಗಳಿಗೆ ಶುಲ್ಕವಿಲ್ಲದೆ, ಕಡಿಮೆ ದಾಖಲೆಗಳಲ್ಲಿ ವೀಸಾ ಕೊಡುವ ನಿಯಮ ಇರುವುದು ನಿಜ. ಆದರೆ ಆ ಪ್ರಜೆ ತನ್ನದಲ್ಲದ ಇನ್ನೊಂದು ಸದಸ್ಯ ದೇಶಕ್ಕೆ ಹೋಗುವಾಗ ಮಾತ್ರ ಅದು ಅನ್ವಯಿಸುತ್ತದೆ. ನಾವಿಬ್ಬರೂ ಬೆಲ್ಜಿಯಂ ನೋಡಲು ಹೊರಟಿದ್ದರೆ ನನಗೆ ಆ ಸವಲತ್ತು ಸಿಗುತ್ತಿತ್ತು. ಹೊರಟಿರುವುದು ಗಂಡನ ಸ್ವಂತ ಮನೆಗೆ, ಹಾಗಾಗಿ ಉಳಿದ ಪ್ರವಾಸಿಗರಂತೆಯೇ ಪೂರ್ತಿ ದಾಖಲೆ, ಪೂರ್ತಿ ಶುಲ್ಕ. ಇದನ್ನು ಓದಿದಾಗ ನನಗೆ ನಿಜವಾಗಿ ನೋವಾಯಿತು. ನಿಯಮದ ಹಿಂದಿನ ತರ್ಕ ಅರ್ಥವಾಗುತ್ತದೆ, ಅದು ನ್ಯಾಯವೆಂದು ಮಾತ್ರ ಈಗಲೂ ಅನ್ನಿಸುತ್ತಿಲ್ಲ.

ಪ್ರಯಾಣಕ್ಕೆ ಆರು ತಿಂಗಳು ಮುಂಚಿನಿಂದ ಅರ್ಜಿ ಹಾಕಬಹುದು. ಡಿಸೆಂಬರಿನಲ್ಲಿ ಹೋಗುವವರು ಆಗಸ್ಟಿನಲ್ಲೇ ಶುರುಮಾಡಬೇಕು ಎನ್ನುವುದು ನನ್ನ ಗಟ್ಟಿಯಾದ ಸಲಹೆ. ಅತಿಥಿಯಾಗಿ ಮನೆಯಲ್ಲಿ ಉಳಿದುಕೊಳ್ಳುವವರಿಗೆ ಅಲ್ಲಿನವರು ಒಂದು ನಮೂನೆಯನ್ನು ಭರ್ತಿ ಮಾಡಿಕೊಡಬೇಕಾಗುತ್ತದೆ. ಅದರಲ್ಲಿ ಎರಡು ಭಾಗ: ಖರ್ಚಿಗೆ ಜಾಮೀನು ನಿಲ್ಲುವುದು ಒಂದು, ಮನೆಯಲ್ಲಿ ಇರಲು ಜಾಗ ಕೊಡುವುದು ಇನ್ನೊಂದು. ಎರಡನ್ನೂ ಅವರೇ ತುಂಬಬೇಕೆಂದಿಲ್ಲ. ಅತ್ತೆ ಮಾವ ಪಿಂಚಣಿಯಲ್ಲಿ ಬದುಕುವವರು, ಅವರ ಆದಾಯದ ಲೆಕ್ಕವನ್ನು ಯಾರ ಮುಂದೆಯೂ ಇಡುವುದು ನನಗೆ ಬೇಕಿರಲಿಲ್ಲ. ದಿನಕ್ಕೆ ತಲಾ 55 ಯೂರೋ ಲೆಕ್ಕದಲ್ಲಿ ಹಣವಿದೆಯೆಂದು ನಾನೇ ತೋರಿಸಿದೆ. ಬ್ಯಾಂಕ್ ಖಾತೆಯ ವಿವರ, ಸಂಬಳದ ಚೀಟಿಗಳು, ಆದಾಯ ತೆರಿಗೆಯ ದಾಖಲೆ, ಕಚೇರಿಯ ರಜೆ ಪತ್ರ ಇಷ್ಟು ಸಾಕಾಯಿತು. ಅವರು ವಾಸ್ತವ್ಯದ ಭಾಗವನ್ನು ಮಾತ್ರ ತುಂಬಿದರು.

ಸಹಿಯನ್ನು ಅಲ್ಲಿನ ಪುರಸಭೆಯಲ್ಲಿ, ಅಧಿಕಾರಿಯ ಎದುರಿನಲ್ಲಿ ಮಾಡಿ ದೃಢೀಕರಿಸಿಕೊಳ್ಳಬೇಕು. ಎದುರು ನೋಡದ ತೊಡಕು ಬಂದದ್ದು ಅಲ್ಲಿ. ಮಾವ ಹಟ ಹಿಡಿದು ತಾವೇ ಹೋದರು, ಸೊಸೆಯನ್ನು ಮನೆಗೆ ಕರೆಯುವ ಕಾಗದಕ್ಕೆ ಮನೆಯ ಹಿರಿಯರೇ ಸಹಿ ಹಾಕಬೇಕೆಂಬುದು ಅವರ ಮನಸ್ಸು. ಎಡಗೈಯಲ್ಲಿ ಹಾಕಿದ ಸಹಿ ಗುರುತಿನ ಚೀಟಿಯ ಸಹಿಗೆ ಹೊಂದಲಿಲ್ಲ. ಅಧಿಕಾರಿ ತುಂಬಾ ಸಮಾಧಾನದಿಂದಲೇ ಮಾತನಾಡಿದರಂತೆ, ಆದರೂ ಹೊಸ ನಮೂನೆಯನ್ನು ಅತ್ತೆಯ ಹೆಸರಿನಲ್ಲಿ ಮಾಡಿಸಬೇಕಾಯಿತು, ಅದಕ್ಕೆ ಮತ್ತೆ ಸಮಯ ಗೊತ್ತುಮಾಡಿಕೊಂಡು ಹೋಗಬೇಕಾಯಿತು. ಆ ದಿನ ಸಂಜೆ ವೀಡಿಯೊ ಕರೆಯಲ್ಲಿ ಮಾವ ನನ್ನ ಮುಖ ನೋಡಲಿಲ್ಲ. ಮನೆಯಲ್ಲಿ ವಯಸ್ಸಾದವರು, ಕಾಯಿಲೆಯವರು ಇದ್ದರೆ ಆಹ್ವಾನಿಸುವವರು ಯಾರೆಂದು ಮೊದಲೇ ಯೋಚಿಸಿಕೊಳ್ಳಿ. ಅವರಿಗೂ ನೋವು ತಪ್ಪುತ್ತದೆ.

ಎರಡನೆಯ ತೊಡಕು ನನ್ನ ಹೆಸರಿನದು. ನಮ್ಮ ಕಡೆ ಬಹಳ ಹೆಣ್ಣುಮಕ್ಕಳಿಗೆ ಇರುವಂತೆ ನನಗೂ ಮನೆತನದ ಹೆಸರಿಲ್ಲ, ಇರುವುದು ಇನಿಷಿಯಲ್ ಮಾತ್ರ. ಪಾಸ್‌ಪೋರ್ಟಿನಲ್ಲಿ ಆ ಜಾಗ ಖಾಲಿ. ವಿವಾಹ ನೋಂದಣಿ ಪತ್ರದಲ್ಲಿ ಇನಿಷಿಯಲ್ ಮುಂದೆ ಇದೆ, ಬ್ಯಾಂಕಿನಲ್ಲಿ ಹಿಂದೆ ಇದೆ, ಮಗನ ಜನನ ಪತ್ರದಲ್ಲಿ ಬಿಡಿಸಿ ಬರೆದಿದೆ. ಮಗನಿಗೆ ಅವನ ಅಪ್ಪನ ಮನೆತನದ ಹೆಸರು. ಇವೆಲ್ಲ ಒಬ್ಬಳೇ ಹೆಂಗಸಿನವು ಎಂದು ನೋಟರಿಯ ಮುಂದೆ ಪ್ರಮಾಣಪತ್ರ ಮಾಡಿಸಿ, ಅದನ್ನು ಅರ್ಜಿಯ ಮೇಲ್ಭಾಗದಲ್ಲೇ ಇಟ್ಟೆ. ವೀಸಾಕ್ಕೆ ಮಾತ್ರವಲ್ಲ, ವಿಮಾನದ ಟಿಕೆಟಿನಿಂದ ಹಿಡಿದು ಆಸ್ಪತ್ರೆಯ ವಿಮೆಯವರೆಗೆ ಈ ಪ್ರಮಾಣಪತ್ರ ಉಪಯೋಗಕ್ಕೆ ಬಂತು. ಒಂದೇ ಹೆಸರಿನ ಪಾಸ್‌ಪೋರ್ಟ್ ಇರುವವರು ಟಿಕೆಟ್ ಕೊಳ್ಳುವ ಮುಂಚೆ ವಿಮಾನ ಸಂಸ್ಥೆಗೆ ಫೋನ್ ಮಾಡಿ, ಮನೆತನದ ಹೆಸರಿನ ಜಾಗದಲ್ಲಿ ಏನು ಬರೆಯಬೇಕೆಂದು ಕೇಳಿಕೊಳ್ಳಿ.

ಮಗನಿಗೆ ವೀಸಾ ಬೇಕಿಲ್ಲ, ಅವನದು ಡಚ್ ಪಾಸ್‌ಪೋರ್ಟ್. ಆದರೆ ಮಕ್ಕಳ ಪಾಸ್‌ಪೋರ್ಟಿನ ಅವಧಿ ಐದೇ ವರ್ಷ, ಅದು ಈ ವರ್ಷವೇ ಮುಗಿಯುವುದಿತ್ತು. ಹೊಸದಕ್ಕೆ ತಂದೆ ತಾಯಿ ಇಬ್ಬರ ಒಪ್ಪಿಗೆ ಬೇಕು, ಮಗುವೂ ಖುದ್ದಾಗಿ ಹಾಜರಾಗಬೇಕು. ಹೊಸ ಪಾಸ್‌ಪೋರ್ಟ್ ಬಂದ ಮೇಲೆ, ವಿದೇಶಿ ಪಾಸ್‌ಪೋರ್ಟಿನ ಭಾರತೀಯ ಮೂಲದವರಿಗೆ ಕೊಡುವ ಸಾಗರೋತ್ತರ ಭಾರತೀಯ ನಾಗರಿಕ ಕಾರ್ಡಿನ, ಅಂದರೆ ಒಸಿಐ ಕಾರ್ಡಿನ ಜಾಲತಾಣಕ್ಕೆ ಅದರ ಪ್ರತಿಯನ್ನೂ ಹೊಸ ಭಾವಚಿತ್ರವನ್ನೂ ಮೂರು ತಿಂಗಳ ಒಳಗೆ ಹಾಕಬೇಕು. ಚಿಕ್ಕ ಮಕ್ಕಳಿರುವವರು ದಯವಿಟ್ಟು ಇವತ್ತೇ ಎದ್ದು ಪಾಸ್‌ಪೋರ್ಟಿನ ಕೊನೆಯ ದಿನಾಂಕ ನೋಡಿ.

ಅಕ್ಟೋಬರಿನಲ್ಲಿ ವೀಸಾ ಅರ್ಜಿ ಕೇಂದ್ರಕ್ಕೆ ಹೋದೆ. ಸಮಯ ಸಿಗುವುದೇ ಕಷ್ಟವಾಗಿತ್ತು. ಬೆಳಿಗ್ಗೆ ಬೇಗ ಎದ್ದು ನೋಡುತ್ತಿದ್ದವಳಿಗೆ ಕೊನೆಗೊಂದು ದಿನ ಸಿಕ್ಕಿತು. ಶುಲ್ಕ 2024ರ ಜೂನ್‌ನಿಂದ ದೊಡ್ಡವರಿಗೆ 90 ಯೂರೋ, ಕೇಂದ್ರದ ಸೇವಾ ಶುಲ್ಕ ಬೇರೆ. ಎಲ್ಲ ಸೇರಿ ಹತ್ತು ಸಾವಿರ ರೂಪಾಯಿ ದಾಟಿತು. ಕನಿಷ್ಠ 30,000 ಯೂರೋ ವೈದ್ಯಕೀಯ ವೆಚ್ಚ ಭರಿಸುವ ಪ್ರಯಾಣ ವಿಮೆ ಕಡ್ಡಾಯ. ಬೆರಳಚ್ಚನ್ನು ಹಿಂದಿನ ಸಲವೇ ಕೊಟ್ಟಿದ್ದೆ. ಅದು 59 ತಿಂಗಳವರೆಗೆ ನಡೆಯುತ್ತದಾದರೂ ದಾಖಲೆಗಳನ್ನು ಒಪ್ಪಿಸಲು ಹೋಗಲೇಬೇಕಾಯಿತು.

ತೀರ್ಮಾನ ಆಗುವುದು ಬೆಂಗಳೂರಿನಲ್ಲಲ್ಲ, ದ ಹೇಗ್ ನಗರದಲ್ಲಿ. ಸಾಮಾನ್ಯವಾಗಿ 15 ದಿನ, ಹೆಚ್ಚಿನ ಪರಿಶೀಲನೆ ಬೇಕೆಂದರೆ 45 ದಿನದವರೆಗೆ ಎಳೆಯಬಹುದು. ನನ್ನದು ಎಳೆಯಿತು. ನಡುವೆ ಮದುವೆ ಮತ್ತು ವಾಸ್ತವ್ಯದ ಬಗ್ಗೆ ಇನ್ನಷ್ಟು ದಾಖಲೆ ಕೇಳಿ ಮಿಂಚಂಚೆ ಬಂತು, ಕಳಿಸಿದೆ, ಆಮೇಲೆ ಮೌನ. ದೀಪಾವಳಿಗೆ ಸಾಗರಕ್ಕೆ ಹೋದರೂ ಮನಸ್ಸೆಲ್ಲ ಫೋನಿನ ಮೇಲೆಯೇ. "ಗಂಡನ ಮನೆಗೆ ಹೋಗಲು ಇಷ್ಟೊಂದು ಅಪ್ಪಣೆ ಬೇಕೇನೇ?" ಎಂದು ಅಮ್ಮ ಕೇಳಿದಾಗ ಕಣ್ಣು ತುಂಬಿ ಬಂತು. ಪಾಸ್‌ಪೋರ್ಟ್ ಕೈಗೆ ಬಂದಾಗ ನವೆಂಬರಿನ ಮೂರನೆಯ ವಾರ. ಆ ಹೊತ್ತಿಗೆ ವಿಮಾನದ ದರ ಏರಿಹೋಗಿತ್ತು. ಬೆಂಗಳೂರಿನಿಂದ ಆಮ್‌ಸ್ಟರ್‌ಡ್ಯಾಮಿಗೆ ನೇರ ವಿಮಾನವಿದೆ, ಮಗುವಿನೊಡನೆ ಹೋಗುವವರಿಗೆ ಅದೇ ಒಳ್ಳೆಯದು. ಹಣ ಪೂರ್ತಿ ವಾಪಸಾಗುವ ಕಾಯ್ದಿರಿಸುವಿಕೆಯನ್ನು ಅರ್ಜಿಯ ಸಮಯದಲ್ಲೇ ಮಾಡಿದ್ದರಿಂದ ನಾವು ಉಳಿದುಕೊಂಡೆವು.

ವೀಸಾ ಚೀಟಿ ಬಂದೊಡನೆ ಎರಡು ವಿಷಯ ನೋಡಿ. ಯಾವ ದಿನದಿಂದ ಯಾವ ದಿನದವರೆಗೆ ಎನ್ನುವುದು ಒಂದು, ಒಟ್ಟು ಎಷ್ಟು ದಿನ ಇರಬಹುದು ಎನ್ನುವುದು ಇನ್ನೊಂದು. ಸಾಮಾನ್ಯವಾಗಿ ಅವಧಿಯ ಕೊನೆಗೆ 15 ದಿನ ಸೇರಿಸಿ ಕೊಟ್ಟಿರುತ್ತಾರೆ. ಅದನ್ನು ನೋಡಿ ಅಷ್ಟು ದಿನ ಹೆಚ್ಚಿಗೆ ಇರಬಹುದೆಂದು ತಿಳಿಯಬಾರದು. ಇರಬಹುದಾದ ದಿನಗಳ ಸಂಖ್ಯೆ ಬೇರೆ, ಅದರಲ್ಲಿ ಇಳಿದ ದಿನವೂ ಹೊರಟ ದಿನವೂ ಸೇರಿಯೇ ಲೆಕ್ಕ. ಅರ್ಜಿಯಲ್ಲೇ ನಾಲ್ಕಾರು ದಿನ ಹೆಚ್ಚಿಗೆ ಕೇಳಿದ್ದು ಮುಂದೆ ನನ್ನನ್ನು ಕಾಪಾಡಿತು.

ಇನ್ನು ಪೆಟ್ಟಿಗೆ ಕಟ್ಟುವುದು. ಹಾಲಿನ ಪದಾರ್ಥ, ಮಾಂಸ ಒಯ್ಯುವಂತಿಲ್ಲ. ತುಪ್ಪ, ಪೇಡೆ ಎರಡನ್ನೂ ಅಮ್ಮ ಆಸೆಯಿಂದ ಕೊಟ್ಟಿದ್ದರು, ಮನೆಯಲ್ಲೇ ಬಿಟ್ಟೆ. ಸಸ್ಯ ಆರೋಗ್ಯ ಪ್ರಮಾಣಪತ್ರವಿಲ್ಲದೆ ಹಸಿ ಹಣ್ಣು ತರಕಾರಿ, ಕರಿಬೇವು ಕೂಡ ಒಯ್ಯುವಂತಿಲ್ಲ. ಬಾಳೆಹಣ್ಣು, ತೆಂಗಿನಕಾಯಿ, ಅನಾನಸ್, ಖರ್ಜೂರ, ಡೂರಿಯನ್ ಇಷ್ಟಕ್ಕೆ ಮಾತ್ರ ವಿನಾಯಿತಿ. ಹುಳಿಪುಡಿ, ಚಟ್ನಿಪುಡಿ, ಅವಲಕ್ಕಿ, ಹಲಸಿನ ಹಪ್ಪಳ, ಮಾವನಿಗೆ ಪ್ರಾಣವಾದ ಅಪ್ಪೆಮಿಡಿ ಉಪ್ಪಿನಕಾಯಿ ತುಂಬಿಕೊಂಡೆ. ಉಪ್ಪಿನಕಾಯಿಯನ್ನು ಮೂರು ಪದರ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಕೈಚೀಲದಲ್ಲಲ್ಲದೆ ದೊಡ್ಡ ಪೆಟ್ಟಿಗೆಯಲ್ಲಿಡಿ. ಬಟ್ಟೆಯ ವಿಷಯದಲ್ಲಿ ಒಂದೇ ಮಾತು: ದಪ್ಪ ಕೋಟನ್ನು ಇಲ್ಲಿ ಕೊಳ್ಳಬೇಡಿ. ಒಳಗೆ ಹಾಕುವ ಉಣ್ಣೆಯ ಉಡುಪು ಇಲ್ಲಿಂದ ಸಾಕು. ಅಲ್ಲಿ ಪ್ರತಿ ಪಟ್ಟಣದಲ್ಲೂ ಬಳಸಿದ ಸಾಮಾನು ಮಾರುವ ಕ್ರಿಂಗ್‌ಲೋಪ್ ಎಂಬ ಅಂಗಡಿಗಳಿವೆ. ಮಗನ ಕೋಟು, ನೀರಿಳಿಯದ ಬೂಟು, ಟೋಪಿ ಎಲ್ಲವೂ ಅಲ್ಲಿ ಬೆಂಗಳೂರಿನ ಕಾಲು ಭಾಗದ ಬೆಲೆಗೆ ಸಿಕ್ಕವು. ಅಲ್ಲಿನ ಚಳಿಗಾಲ ಹಿಮಕ್ಕಿಂತ ಹೆಚ್ಚಾಗಿ ಗಾಳಿ ಮಳೆಯದು. ಕೊಡೆ ನಿಲ್ಲುವುದಿಲ್ಲ, ನೀರು ತಡೆಯುವ ಮೇಲಂಗಿಯೇ ಗತಿ.

ಆಮ್‌ಸ್ಟರ್‌ಡ್ಯಾಮಿನ ಸ್ಕಿಪೋಲ್ ವಿಮಾನ ನಿಲ್ದಾಣದಲ್ಲಿ ಮಗ ಐರೋಪ್ಯ ಪ್ರಜೆ, ನಾನಲ್ಲ. ಅವನನ್ನು ಒಬ್ಬನನ್ನೇ ಬಿಡಲಾಗದೆ ಇಬ್ಬರೂ ನನ್ನ ಸಾಲಿನಲ್ಲಿ ನಿಂತೆವು. ಒಂದೇ ವೀಸಾದಲ್ಲಿ ಓಡಾಡಬಹುದಾದ ಯೂರೋಪಿನ ದೇಶಗಳ ಗುಂಪಿಗೆ ಷೆಂಗೆನ್ ಎನ್ನುತ್ತಾರೆ. 2025ರ ಅಕ್ಟೋಬರ್ 12ರಿಂದ ಅದರ ಗಡಿಗಳಲ್ಲಿ ಹೊರದೇಶದವರ ಪ್ರವೇಶ ಮತ್ತು ನಿರ್ಗಮನವನ್ನು ಕಂಪ್ಯೂಟರಿನಲ್ಲಿ ದಾಖಲಿಸುವ ಹೊಸ ವ್ಯವಸ್ಥೆ ಹಂತಹಂತವಾಗಿ ಬರತೊಡಗಿತ್ತು. ಸಾಲು ನಿಧಾನವಾಗಿ ಸರಿಯಿತು. ಅಧಿಕಾರಿ ನನ್ನ ಪಾಸ್‌ಪೋರ್ಟನ್ನೂ ಮಗನದನ್ನೂ ಪಕ್ಕಪಕ್ಕ ಇಟ್ಟು, "ಹೆಸರು ಬೇರೆ ಬೇರೆ ಇದೆ, ತಂದೆ ಎಲ್ಲಿ?" ಎಂದರು. ತಂದೆ ತಾಯಿಯರಲ್ಲಿ ಒಬ್ಬರೇ ಮಗುವಿನೊಡನೆ ಬಂದರೆ ಅಲ್ಲಿನ ಗಡಿ ಪೊಲೀಸರು ಇನ್ನೊಬ್ಬರ ಒಪ್ಪಿಗೆ ಕೇಳುತ್ತಾರೆ, ಮಗುವನ್ನು ಯಾರೂ ಕದ್ದೊಯ್ಯದಿರಲೆಂದು. ಗಂಡ ಸಹಿ ಮಾಡಿದ ಒಪ್ಪಿಗೆ ಪತ್ರ, ಅವರ ಪಾಸ್‌ಪೋರ್ಟಿನ ಪ್ರತಿ, ಜನನ ಪತ್ರ ಮೂರೂ ಕೈಚೀಲದಲ್ಲಿದ್ದವು. ಅಷ್ಟರ ಮೇಲೆ ಅವರು ಮಗನ ಕಡೆ ಬಾಗಿ ಡಚ್ ಭಾಷೆಯಲ್ಲಿ "ಇವರು ಯಾರು?" ಎಂದು ಕೇಳಿದರು. "ಅಮ್ಮ" ಎಂದ. ಮುದ್ರೆ ಬಿತ್ತು. ಈ ಮೂರು ಕಾಗದಗಳನ್ನು ಪೆಟ್ಟಿಗೆಯಲ್ಲಿ ಹಾಕಿದವರ ಪಾಡನ್ನು ನೆನೆಸಿಕೊಳ್ಳಲೂ ನನಗೆ ಭಯ.

ರೈಲು ನಿಲ್ದಾಣ ವಿಮಾನ ನಿಲ್ದಾಣದ ಅಡಿಯಲ್ಲೇ ಇದೆ. ಟಿಕೆಟ್ ಕೊಳ್ಳದೆ, ಬ್ಯಾಂಕ್ ಕಾರ್ಡನ್ನು ನಿಲ್ದಾಣದಲ್ಲಿರುವ ಕಾರ್ಡ್ ಓದುವ ಕಂಬಕ್ಕೆ ತೋರಿಸಿ ಹತ್ತಬಹುದು. ಆದರೆ ತಲೆಗೊಂದು ಕಾರ್ಡ್ ಬೇಕು, ವಿದೇಶದಲ್ಲಿ ಸ್ಪರ್ಶವಿಲ್ಲದ ಪಾವತಿಯನ್ನು ಬ್ಯಾಂಕಿನಲ್ಲಿ ಮೊದಲೇ ತೆರೆಸಿರಬೇಕು, ಇಳಿದಾಗ ಮತ್ತೆ ತೋರಿಸಲು ಮರೆತರೆ 20 ಯೂರೋ ಹೋಗುತ್ತದೆ. ಜ್ವೋಲೆ ನಗರ ದಾಟಿ ಫ್ರೀಸ್‌ಲ್ಯಾಂಡಿನ ರಾಜಧಾನಿ ಲೇವಾರ್ಡನ್ ತಲುಪಿದಾಗ ಸಂಜೆಯ ಐದು ಗಂಟೆಯೂ ಆಗಿರಲಿಲ್ಲ, ಆದರೂ ಕಗ್ಗತ್ತಲು. ನಾದಿನಿ ಕಾರು ತಂದಿದ್ದಳು. ಮನೆಯ ಬಾಗಿಲಲ್ಲಿ ಊರುಗೋಲು ಹಿಡಿದು ಮಾವ ನಿಂತಿದ್ದರು. ಎಷ್ಟು ಹೊತ್ತಿನಿಂದ ಎಂದು ಕೇಳಿದರೆ ಅತ್ತೆ ತಲೆಯಾಡಿಸಿದರು, ಹೇಳಲಿಲ್ಲ.

ಬೇಸಿಗೆಯಲ್ಲಿ ಒಮ್ಮೆ ಬಂದಿದ್ದ ಮನೆಯೇ, ಆದರೆ ಆಗ ರಾತ್ರಿ ಹತ್ತರವರೆಗೆ ಬೆಳಕು, ಎಲ್ಲರೂ ಹೊರಗೆ. ಡಿಸೆಂಬರಿನಲ್ಲಿ ಸೂರ್ಯ ಮೂಡುವುದು ಎಂಟೂಮುಕ್ಕಾಲರ ಸುಮಾರಿಗೆ, ನಾಲ್ಕೂವರೆಯೊಳಗೆ ಮುಳುಗಿರುತ್ತಾನೆ. ಮೊದಲ ವಾರ ನನಗೆ ಈ ಕತ್ತಲು ತುಂಬಾ ಭಾರವಾಯಿತು, ಕಾರಣವಿಲ್ಲದೆ ಅಳು ಬರುತ್ತಿತ್ತು. ಹೋಗುವವರು ಇದನ್ನು ತಿಳಿದಿರಬೇಕು. ಇರುವ ಬೆಳಕಿನಲ್ಲಿ, ಮಳೆಯಿದ್ದರೂ ಸರಿ, ದಿನಾ ಹೊರಗೆ ನಡೆಯಲೇಬೇಕು. ಅತ್ತೆ ನನ್ನನ್ನು ಬೆಳಿಗ್ಗೆ ಕಾಲುವೆಯ ದಂಡೆಗೆ ಎಳೆದುಕೊಂಡು ಹೋಗುತ್ತಿದ್ದರು. ನಡೆದು ಬಂದು ಬಟಾಣಿಯ ಗಟ್ಟಿ ಸಾರು. ಅದಕ್ಕೆ ಅಲ್ಲಿ ಹೊಗೆಯಾಡಿಸಿದ ಸಾಸೇಜು ಹಾಕುವುದು ವಾಡಿಕೆ, ನನಗಾಗಿ ಬೇರೆ ಪಾತ್ರೆಯಲ್ಲಿ ಗೆಡ್ಡೆ ತರಕಾರಿಗಳನ್ನಷ್ಟೇ ಹಾಕಿ ಮಾಡಿದರು. ಎರಡನೆಯ ವಾರಕ್ಕೆ ಮನಸ್ಸು ಹದಕ್ಕೆ ಬಂತು.

ಡಿಸೆಂಬರ್ 5ರ ಸಂಜೆ, ಮಕ್ಕಳಿಗೆ ಉಡುಗೊರೆ ತರುವನೆಂದು ನಂಬುವ ಸಂತ ಸಿಂಟರ್‌ಕ್ಲಾಸ್‌ನ ಹಬ್ಬ. ಮಕ್ಕಳು ಒಲೆಯ ಬಳಿ ಬೂಟು ಇಟ್ಟು, ಆತನ ಕುದುರೆಗೆಂದು ಅದರಲ್ಲಿ ಕ್ಯಾರೆಟ್ ಹಾಕಿ ಮಲಗುತ್ತಾರೆ. ದೊಡ್ಡವರು ಉಡುಗೊರೆಯ ಜೊತೆ ಪ್ರಾಸದ ಪದ್ಯವೊಂದನ್ನು ಬರೆದಿಡುವ ಪದ್ಧತಿ. ಆ ಮನೆಯಲ್ಲಿ ಪದ್ಯ ಬರೆಯುವವರು ಯಾವಾಗಲೂ ಮಾವ. ಈ ಸಲ ಇಲ್ಲವೇನೋ ಎಂದುಕೊಂಡಿದ್ದೆವು. ಮಗನ ಪೊಟ್ಟಣ ಬಿಚ್ಚಿದಾಗ ಒಳಗೆ ಕಾಗದವಿತ್ತು, ಎಡಗೈಯ ಸೊಟ್ಟ ಅಕ್ಷರಗಳಲ್ಲಿ ಎಂಟು ಸಾಲು. ಪುರಸಭೆಯಲ್ಲಿ ಹೊಂದದೆ ಹೋದ ಕೈಬರಹ ಅದೇ. ಅತ್ತೆ ಓದಿದರು, ಮಾವ ಪ್ರತಿ ಸಾಲಿನ ಕೊನೆಯ ಶಬ್ದವನ್ನು ತಾವೇ ಹೇಳಿದರು. ಫಿಸಿಯೋಥೆರಪಿಯವರು ಹೇಳಿದ್ದಕ್ಕಿಂತ ಹೆಚ್ಚು ಅಭ್ಯಾಸವನ್ನು ಅವರು ನವೆಂಬರಿನಲ್ಲಿ ಮಾಡಿದ್ದರೆಂದು ಆಮೇಲೆ ತಿಳಿಯಿತು.

ಆ ಉದ್ದನೆಯ ಸಂಜೆಗಳಲ್ಲಿ ಮಾವನಿಂದ ಹೊರಟದ್ದು ಒಂದೇ ಕಥೆ, ಹನ್ನೊಂದು ಪಟ್ಟಣಗಳ ಹಿಮಜಾರು ಓಟದ್ದು. ಫ್ರೀಸ್‌ಲ್ಯಾಂಡಿನ ಕಾಲುವೆ, ಕೆರೆಗಳು ಹೆಪ್ಪುಗಟ್ಟಿದಾಗ ಅವುಗಳ ಮೇಲೆ ಸುಮಾರು 200 ಕಿಲೋಮೀಟರ್ ಜಾರುವ ಓಟ ಅದು. ದಾರಿಯುದ್ದಕ್ಕೂ ಮಂಜುಗಡ್ಡೆ 15 ಸೆಂಟಿಮೀಟರ್ ದಪ್ಪವಿದ್ದರೆ ಮಾತ್ರ ನಡೆಯುತ್ತದೆ. ಕೊನೆಯ ಸಲ ನಡೆದದ್ದು 1997ರ ಜನವರಿ 4ರಂದು. ಆಮೇಲೆ ಅಷ್ಟು ಗಟ್ಟಿ ಚಳಿಗಾಲ ಬಂದೇ ಇಲ್ಲ. ಮಾವ ಆ ದಿನ ಓಡಿದ್ದರು. ನಸುಕಿನ ಕತ್ತಲೆಯಲ್ಲಿ ಹೊರಟು, ಎದುರುಗಾಳಿಯಲ್ಲಿ ರೆಪ್ಪೆಗಳು ಹೆಪ್ಪುಗಟ್ಟಿ, ನಡುರಾತ್ರಿಯ ಗಡುವಿನೊಳಗೆ ಲೇವಾರ್ಡನ್ ಮುಟ್ಟಿದವರಿಗೆ ಕೊಡುವ ಪುಟ್ಟ ಶಿಲುಬೆಯ ಪದಕವನ್ನು ತೋರಿಸಿದರು. ಒಂದೊಂದು ಊರಿನ ಹೆಸರು ಹೇಳಲು ಅವರಿಗೆ ಸಮಯ ಬೇಕಾಗುತ್ತಿತ್ತು, ಸ್ಲೋಟನ್, ಸ್ಟಾವೋರನ್, ಹಿಂಡೆಲೋಪನ್. ಮಗ ತಾಳ್ಮೆಯಿಂದ ಕಾಯುತ್ತಿದ್ದ, ಆಮೇಲೆ ತಾನೇ ಮುಂದಿನ ಊರು ಹೇಳಿಕೊಡಲು ಶುರುಮಾಡಿದ. ಬೆಂಗಳೂರಿನಲ್ಲಿ ಅವರು ಅತಿಥಿಗಳು, ನಾನು ಕೆಲಸದ ನಡುವೆ ಊಟ ಬಡಿಸಿ ಓಡುವವಳು. ಇಷ್ಟು ವರ್ಷದಲ್ಲಿ ಅವರ ಜೊತೆ ಸುಮ್ಮನೆ ಕುಳಿತದ್ದು ಇದೇ ಮೊದಲು. ಸಾಧ್ಯವಿದ್ದವರು ಚಳಿಗಾಲದಲ್ಲೇ ಹೋಗಿ ಎಂದು ನಾನು ಹೇಳುವುದು ಈ ಕಾರಣಕ್ಕೆ. ಬೇಸಿಗೆಯಲ್ಲಿ ದೇಶ ನೋಡಬಹುದು, ಮನೆಯವರು ಸಿಗುವುದು ಕತ್ತಲಾದ ಮೇಲೆಯೇ.

ಗಂಡ ಬಂದರು, ಕ್ರಿಸ್‌ಮಸ್ ಆಯಿತು. ಅಲ್ಲಿ ಹಬ್ಬ ಎರಡು ದಿನ, 25 ಮತ್ತು 26. ಎರಡನೆಯ ದಿನ ಮಗನಿಗೆ ಜ್ವರ ಏರಿತು, ಕಿವಿ ನೋವೆಂದು ಅಳತೊಡಗಿದ. ಇಲ್ಲಿಯಂತೆ ಮಗುವನ್ನೆತ್ತಿಕೊಂಡು ಆಸ್ಪತ್ರೆಗೆ ಓಡುವಂತಿಲ್ಲ. ಮೊದಲು ಕುಟುಂಬ ವೈದ್ಯರು, ರಜೆ ಮತ್ತು ರಾತ್ರಿಯ ಹೊತ್ತಿನಲ್ಲಿ ಅವರ ಬದಲಿ ಕೇಂದ್ರ, ಅಲ್ಲಿಗೂ ಫೋನ್ ಮಾಡಿಯೇ ಹೋಗಬೇಕು. ಜೀವಕ್ಕೆ ಅಪಾಯವಿದ್ದರೆ ಮಾತ್ರ 112. ಫೋನೆತ್ತಿದ ದಾದಿ ಕೇಳಿದ ಪ್ರಶ್ನೆಗಳು ಒಂದೆರಡಲ್ಲ: ನೀರು ಕುಡಿಯುತ್ತಾನೆಯೇ, ಮೂತ್ರ ಹೋಗುತ್ತಿದೆಯೇ, ಉಸಿರು ಹೇಗಿದೆ, ಮೈಮೇಲೆ ಗುಳ್ಳೆಗಳಿವೆಯೇ. ಪ್ಯಾರಾಸಿಟಮಾಲ್ ಕೊಟ್ಟು ಕಾಯಿರಿ ಎಂದರು. ನಾನು ಸಿಡಿಮಿಡಿಗೊಂಡೆ. ಮರುದಿನ ಕಿವಿ ಸೋರಿದಾಗ ಮತ್ತೆ ಫೋನ್ ಮಾಡಿದೆವು, ಆಗ ತಕ್ಷಣ ಸಮಯ ಕೊಟ್ಟರು. ವೈದ್ಯೆ ನಿಧಾನವಾಗಿ ಪರೀಕ್ಷಿಸಿ ಔಷಧ ಬರೆದರು.

ಡಚ್ ಪಾಸ್‌ಪೋರ್ಟ್ ಇದ್ದಮಾತ್ರಕ್ಕೆ ಮಗುವಿಗೆ ಅಲ್ಲಿನ ಆರೋಗ್ಯ ವಿಮೆ ಸಿಗುವುದಿಲ್ಲ. ಅಲ್ಲಿ ವಾಸವಿಲ್ಲದವರು ಕೈಯಿಂದಲೇ ಕೊಡಬೇಕು. ವೀಸಾ ಬೇಡದವನಿಗೆ ವಿಮೆಯೂ ಬೇಡವೆಂದು ಒಬ್ಬ ಏಜೆಂಟ್ ನನಗೆ ಹೇಳಿದ್ದ. ಆದರೂ ಮಗನಿಗೂ ಪ್ರಯಾಣ ವಿಮೆ ಮಾಡಿಸಿದ್ದೆವು. ವೈದ್ಯರ ಬಿಲ್ಲು, ಔಷಧದ ಬಿಲ್ಲು, ಪಾವತಿಯ ಚೀಟಿ ಎಲ್ಲವನ್ನೂ ಅಲ್ಲೇ ಕೇಳಿ ತೆಗೆದುಕೊಳ್ಳಿ.

ಡಿಸೆಂಬರ್ 31ರಂದು ನಾದಿನಿ ಹೊರಗಿನ ಕೊಟ್ಟಿಗೆಯಲ್ಲಿ ಎಣ್ಣೆ ಕಾಯಿಸಿ ಒಲಿಬೊಲನ್ ಕರಿದಳು. ಒಣದ್ರಾಕ್ಷಿ ಹಾಕಿದ ಹುದುಗಿಸಿದ ಹಿಟ್ಟು, ಮೇಲೆ ಸಕ್ಕರೆ ಪುಡಿ, ಮಂಗಳೂರು ಬನ್ಸಿಗೆ ದೂರದ ನೆಂಟ. ನಡುರಾತ್ರಿಯ ಪಟಾಕಿಗೆ ಮಗ ಹೆದರಲಿಲ್ಲ, ದೀಪಾವಳಿ ಕಂಡವನಲ್ಲವೇ.

ಹೊಸ ವರ್ಷದ ಮೊದಲ ವಾರ ಹಿಮ ಬಿತ್ತು. ಮಗನಿಗೆ ಸಂಭ್ರಮ, ನಮಗೆ ಸಂಕಟ, ಏಕೆಂದರೆ ನಮ್ಮ ವಾಪಸ್ ವಿಮಾನ ರದ್ದಾಯಿತು. ಸಂದೇಶ ಬಂದಾಗ ನಾವು ಆಗಲೇ ಸ್ಕಿಪೋಲ್‌ನಲ್ಲಿದ್ದೆವು. ಎಲ್ಲೆಲ್ಲೂ ನೆಲದ ಮೇಲೆ ಜನ. ಗೊತ್ತಿರಬೇಕಾದದ್ದು ಇಷ್ಟು: ಹವಾಮಾನದಿಂದ ರದ್ದಾದರೆ ಪರಿಹಾರ ಧನ ಸಿಗುವುದಿಲ್ಲ. ಆದರೆ ಐರೋಪ್ಯ ಒಕ್ಕೂಟದ 261ನೇ ನಿಯಮದ ಪ್ರಕಾರ ಊಟ, ರಾತ್ರಿ ಉಳಿಯಲು ಹೋಟೆಲ್, ಬೇರೆ ವಿಮಾನದಲ್ಲಿ ಜಾಗ ಕೊಡುವುದು ಸಂಸ್ಥೆಯ ಹೊಣೆ. ಕೇಳಬೇಕು, ಕೇಳದವರಿಗೆ ನೀರಿನ ಬಾಟಲಿಯಷ್ಟೇ ಸಿಕ್ಕಿತು. ಗಂಡ ಒಂದು ಸಾಲಿನಲ್ಲಿ, ನಾನು ಫೋನಿನಲ್ಲಿ. ಕೊನೆಗೆ ಫೋನಿನಲ್ಲೇ ದೋಹಾ ಮಾರ್ಗವಾಗಿ ಜಾಗ ಸಿಕ್ಕಿತು, ಅದೂ ಎರಡು ದಿನಗಳ ನಂತರ. ಹೆಚ್ಚಿಗೆ ಕೇಳಿದ್ದ ದಿನಗಳಲ್ಲಿ ಅದು ಹಿಡಿಯಿತು. ದಿನ ಮೀರುವಂತಿದ್ದರೆ ಸುಮ್ಮನೆ ಕೂರದೆ, ಅಲ್ಲಿನ ವಲಸೆ ಇಲಾಖೆಗೆ ವೀಸಾ ವಿಸ್ತರಣೆಗೆ ಅರ್ಜಿ ಹಾಕಿ, ವಿಮಾನ ರದ್ದಾದ ಪತ್ರವನ್ನು ಜೋಪಾನ ಮಾಡಬೇಕು.

ಖರ್ಚಿನಲ್ಲಿ ದೊಡ್ಡ ಪಾಲು ವಿಮಾನದ್ದೇ, ಮೂವರಿಗೆ ಮೂರು ಲಕ್ಷ ರೂಪಾಯಿ ಮೀರಿತು. ಉಳಿದದ್ದೆಲ್ಲ ಸೇರಿ ಅದರ ಮೂರನೆಯ ಒಂದು ಭಾಗ. ಮಗನ ಔಷಧೋಪಚಾರದ ಹಣವನ್ನು ವಿಮೆಯವರು ಕೊಡಲು ಒಪ್ಪಿದ್ದಾರೆ, ಡಚ್ ಬಿಲ್ಲಿನ ಪಕ್ಕದಲ್ಲಿ ಇಂಗ್ಲಿಷ್ ಅನುವಾದ ಕೇಳಿದ್ದಾರೆ, ಗಂಡ ಕೂತು ಬರೆಯುತ್ತಿದ್ದಾರೆ.

ಇನ್ನೊಂದು ವಿಷಯ. 2024ರ ಏಪ್ರಿಲ್‌ನಿಂದ ಭಾರತೀಯರಿಗೆ ಬಂದಿರುವ ನಿಯಮದಂತೆ, ಮೂರು ವರ್ಷದೊಳಗೆ ಎರಡು ಷೆಂಗೆನ್ ವೀಸಾ ಪಡೆದು ಸರಿಯಾಗಿ ಬಳಸಿದವರಿಗೆ ಎರಡು ವರ್ಷದ, ಹಲವು ಸಲ ಹೋಗಿಬರುವ ವೀಸಾ ಸಿಗಬಹುದು, ಪಾಸ್‌ಪೋರ್ಟಿನ ಅವಧಿ ಅಷ್ಟಿರಬೇಕು. ನನ್ನ ಬೇಸಿಗೆಯ ವೀಸಾ, ಈ ಚಳಿಗಾಲದ ವೀಸಾ ಎರಡೂ ಸೇರಿ ನಾನು ಆ ಸಾಲಿಗೆ ಬರುತ್ತೇನೆ. ಸ್ಕಿಪೋಲ್‌ನ ದಾಖಲೆ, ಬೋರ್ಡಿಂಗ್ ಪಾಸು, ರದ್ದತಿಯ ಪತ್ರ ಎಲ್ಲವನ್ನೂ ಒಂದು ಕಡತದಲ್ಲಿ ಸೇರಿಸಿಟ್ಟಿದ್ದೇನೆ. ಮುಂದಿನ ಅರ್ಜಿಯನ್ನು ಜೂನ್‌ನಲ್ಲೇ ಹಾಕುತ್ತೇನೆ. ಆ ನಮೂನೆಗೆ ತಾವೇ ಸಹಿ ಹಾಕುತ್ತೇವೆಂದು ಮಾವ ಹೇಳಿದ್ದಾರೆ, ಹೊಸ ಗುರುತಿನ ಚೀಟಿಯನ್ನು ಎಡಗೈಯ ಸಹಿಯಲ್ಲೇ ಮಾಡಿಸಲು ಪುರಸಭೆಯಲ್ಲಿ ಸಮಯವನ್ನೂ ಗೊತ್ತುಮಾಡಿಕೊಂಡಿದ್ದಾರೆ.